ಮೂವತ್ತೇಳನೇ ಹೆಸರು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಪ್ರೆಸ್ಸಿನವನದಲ್ಲ, ಪ್ರೂಫ್ ನೋಡಿದವನದಲ್ಲ, ಆ ಹಟ್ಟಿಯ ಮುದುಕನದೂ ಪೂರಾ ಅಲ್ಲ. ಬದುಕಿದ್ದ ಹೆಣ್ಣುಮಗಳೊಬ್ಬಳನ್ನು ನಾನು, ಮೂವತ್ತೊಂದು ವರ್ಷ ಚಳ್ಳಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ವಿಶ್ವನಾಥ್ ಮೇಷ್ಟ್ರು, ಇನ್ನೂರು ಪುಟದ ಪುಸ್ತಕದಲ್ಲಿ ಸಾಯಿಸಿದೆ. ತಾರೀಖು ಸಮೇತ ಸಾಯಿಸಿದೆ.

ಪುಸ್ತಕದ ಹೆಸರು ‘ಚಳ್ಳಕೆರೆ ಸೀಮೆಯ ಹೆಸರಾಂತರು’. ನಮ್ಮದು ಐದಾರು ಜನ ನಿವೃತ್ತರ ಬಳಗ. ಒಂದು ಸಂಜೆ ಮಾತಿಗೆ ಮಾತು ಬಂದು, ಈ ಊರು ಅಂದರೆ ಹೊರಗಿನವರಿಗೆ ಎಣ್ಣೆ ಮಿಲ್ಲು, ಕಂಬಳಿ ಸಂತೆ ಇಷ್ಟೇ ನೆನಪಾಗುವುದು, ಇಲ್ಲಿ ಮನುಷ್ಯರೇ ಹುಟ್ಟಿಲ್ಲವೇನೋ ಎಂದು ಯಾರೋ ಅಂದರು. ನನಗೆ ರೇಗಿತು. ನಾನೇ ಪಟ್ಟಿ ಮಾಡುತ್ತೇನೆ ಎಂದು ಎದ್ದೆ. ಮಾಡಬಾರದಾಗಿತ್ತು. ಪಟ್ಟಿ ಎಂಬ ಸುದ್ದಿ ಹಬ್ಬಿದ್ದೇ ತಡ, ಮನೆ ಮುಂದೆ ಜನ ಸಾಲುಗಟ್ಟಿದರು.

‘ನಮ್ಮಪ್ಪ ಈ ಊರಿಗೆ ಫಸ್ಟು ಟ್ರ್ಯಾಕ್ಟ್ರು ತಂದಾತ, ಹಾಕ್ರಿ ಮೇಷ್ಟ್ರೇ’ ಎಂದ ಒಬ್ಬ.

‘ಫಸ್ಟು ಅದನ್ನ ಪಲ್ಟಿ ಹೊಡೆಸಿದಾತ ಯಾರು ಅಂತ ವಿಚಾರಿಸ್ಕಂಡು ಬಾ, ಇಬ್ರನ್ನೂ ಒಟ್ಟಿಗೆ ಹಾಕ್ತೀನಿ’ ಎಂದು ಕಳಿಸಿದೆ. ನನ್ನ ಬಾಯಿ ಹಾಗೇ. ನನ್ನ ಹೆಂಡತಿ ಪ್ರೇಮಲತಾ ಅಡಿಗೆಮನೆಯಿಂದಲೇ, ‘ಅಷ್ಟು ಜನರನ್ನ ಅಂತೀರಲ್ಲ, ನಿಮ್ಮ ಹೆಸರು ಎಷ್ಟನೇದು?’ ಎಂದು ಕೆಣಕುತ್ತಿದ್ದಳು.

ನನ್ನ ಹೆಸರು ಹಾಕಿಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ಮಾನವಿತ್ತು. ಆದರೆ ಒಂದು ಜಂಬವಿತ್ತು. ಯಾವ ಹೆಸರೇ ಆಗಲಿ, ಆ ಮನೆಯ ಹೊಸ್ತಿಲಿಗೆ ಹೋಗಿ, ಮನೆಯವರನ್ನೇ ಕೇಳಿ, ನನ್ನ ಕೈಯಾರೆ ಬರೆದುಕೊಳ್ಳದೆ ಒಂದಕ್ಷರ ಅಚ್ಚಿಗೆ ಕೊಡುವುದಿಲ್ಲ ಎಂಬ ಜಂಬ. ಅವರಿವರ ಬಾಯಿಮಾತು ನನಗೆ ಆಗದು. ಹೀಗೆ ನಲವತ್ತೊಂದು ಜನರಾದರು. ನಾಟಕದವರು, ಡಾಕ್ಟರು, ಕುಸ್ತಿ ಪೈಲ್ವಾನರು, ಮೊಳಕಾಲ್ಮೂರಿನ ರೇಷ್ಮೆ ನೇಯುವವರು, ರೈಲ್ವೆಯಲ್ಲಿ ದೊಡ್ಡ ಸಾಹೇಬರಾಗಿದ್ದ ಕೊಂಡ್ಲಹಳ್ಳಿಯವರೊಬ್ಬರು.

ಮೂವತ್ತೇಳನೆಯವಳು ಮಾಲತಿ. ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ಗೊಲ್ಲರಹಟ್ಟಿಯ ಹುಡುಗಿ. ಕುರಿಯ ಹಿಂದೆ ಬರಿಗಾಲಲ್ಲಿ ಓಡುತ್ತಿದ್ದವಳು ಹತ್ತೊಂಬತ್ತಕ್ಕೆಲ್ಲ ಐದು ಸಾವಿರ ಮೀಟರ್ ಓಟದಲ್ಲಿ ರಾಷ್ಟ್ರಮಟ್ಟದ ಬೆಳ್ಳಿ ಪದಕ ತಂದಳು. ಅವತ್ತು ಚಳ್ಳಕೆರೆಯಲ್ಲಿ ತೆರೆದ ಜೀಪಿನಲ್ಲಿ ಮೆರವಣಿಗೆಯಾಯಿತು; ನಾನೂ ಜೀಪಿನ ಹಿಂದೆ ನಡೆದವನೇ. ಆಮೇಲೆ ಅವಳಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತಂತೆ, ಆಂಧ್ರದ ಕಡೆಯ ಬೇರೆ ಜಾತಿಯವನನ್ನು ಮದುವೆಯಾದಳಂತೆ ಎಂದು ಕಿವಿಗೆ ಬಿದ್ದಿತ್ತು. ಆಮೇಲೆ ಅದೂ ಇಲ್ಲ.

ನಾನು ಹಟ್ಟಿಗೆ ಹೋದಾಗ ಅವಳ ಅಪ್ಪ ಕಾಮಣ್ಣ ಬೇಲಿಯ ಹತ್ತಿರ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದ. ಹಟ್ಟಿಯ ಯಜಮಾನ ಅವನೇ. ಸುತ್ತಿನ ನಾಲ್ಕು ಹಟ್ಟಿಯ ನ್ಯಾಯ ಅವನ ಬಾಯಲ್ಲಿ ತೀರುತ್ತದೆ. ನಾನು ಫಾರಂ ತೆಗೆದು, ‘ಓಟದ ಮಾಲತಿ ನಿಮ್ಮ ಮಗಳಲ್ವಾ ಯಜಮಾನ್ರೇ?’ ಎಂದೆ.

‘ಆಗಿದ್ಲು’ ಎಂದ, ತಲೆ ಎತ್ತದೆ.

‘ಅಂದ್ರೆ?’

‘ತಿಥಿ ಮಾಡಿ ಹನ್ನೆರಡು ವರ್ಸ ಆತು ಸ್ವಾಮಿ.’

 ‘ಅಯ್ಯೋ ಶಿವನೇ, ಯಾವಾಗ?’ ಎಂದೆ.

‘ಶಿವರಾತ್ರಿ ಆಗಿ ಮೂರ್ನೇ ದಿನ ತಲೆ ಬೋಳಿಸ್ಕಂಡೆ’ ಎಂದ. ಅಷ್ಟೇ. ಮತ್ತೆ ಸೊಪ್ಪು ಕಟ್ಟಲು ಬಗ್ಗಿದ.

ನನಗೆ ಅಳು ಬಂತು. ಜೀಪಿನ ಮೇಲೆ ಹಾರದ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ನಗುತ್ತಿದ್ದ ಹುಡುಗಿ ಕಣ್ಣಮುಂದೆ ಬಂದಳು. ಗುಡಿಸಲ ಬಾಗಿಲಲ್ಲಿ ಮೊರ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು, ಮಾಲತಿಯ ತಾಯಿ ಪಾಪಕ್ಕ. ಅವಳ ಕಡೆಗೂ ಕೈಮುಗಿದು, ‘ಚಿನ್ನದಂಥ ಮಗಳನ್ನ ಹೆತ್ತಿದ್ದೆ ತಾಯಿ’ ಎಂದು ಕಣ್ಣೊರೆಸಿಕೊಂಡೆ. ಅವಳು ಮೊರ ತಗ್ಗಿಸಿ ನನ್ನ ಅಳುವಿಗೆ ಕಿವಿಗೊಟ್ಟಳು. ನಾನು ಫಾರಮ್ಮಿನಲ್ಲಿ ‘ದಿವಂಗತ’ ಎಂಬಲ್ಲಿ ಗುರುತು ಹಾಕಿ, ಮನೆಗೆ ಬಂದು, ಹಳೇ ಪಂಚಾಂಗ ತಿರುವಿ ಹಾಕಿ ಆ ವರ್ಷದ ಶಿವರಾತ್ರಿ ಹುಡುಕಿ, ಮೂರು ದಿನ ಕೂಡಿಸಿ ತಾರೀಖು ಬರೆದು, ಪಕ್ಕದಲ್ಲಿ ‘ಶಿವರಾತ್ರಿಯಾದ ಮೂರನೇ ದಿನ’ ಎಂದೂ ಸೇರಿಸಿದೆ. ಎಂಥಾ ಶ್ರದ್ಧೆ ನೋಡಿ ನನ್ನದು!

ನಾನೇನು ಬೇರೆ ದೇಶದವನಲ್ಲ. ತಳಕಿನಲ್ಲೇ ಹುಟ್ಟಿದವನು. ಜಾತಿ ಬಿಟ್ಟು ಮದುವೆಯಾದ ಮಕ್ಕಳಿಗೆ ಬದುಕಿರುವಾಗಲೇ ಎಳ್ಳುನೀರು ಬಿಟ್ಟು, ತಲೆ ಬೋಳಿಸಿಕೊಂಡು, ತಿಥಿಯೂಟ ಹಾಕಿಸಿ ಕೈತೊಳೆದುಕೊಂಡ ಅಪ್ಪಂದಿರನ್ನು ಎಲ್ಲ ಜಾತಿಯಲ್ಲೂ ಕಂಡವನು. ‘ಮಣ್ಣು ಎಲ್ಲಿ ಮಾಡಿದ್ರಿ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಾಮಣ್ಣ ಸುಳ್ಳು ಹೇಳುವವನಲ್ಲ. ಮಣ್ಣಿನ ಮಾತೇ ಇಲ್ಲ, ತಿಥಿ ಮಾತ್ರ ಎಂದುಬಿಡುತ್ತಿದ್ದ. ನಾನು ಕೇಳಲಿಲ್ಲ. ಅಳುವುದರಲ್ಲಿ ಮುಳುಗಿದ್ದೆ.

ಪುಸ್ತಕ ಬಿಡುಗಡೆಯಾಯಿತು. ನಲವತ್ತೊಂದು ಮನೆಗೂ ಒಂದೊಂದು ಪ್ರತಿ ಕಳಿಸಿದೆ. ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮಾಲತಿಯ ತಮ್ಮ ಓಬಳೇಶ್ ಮನೆ ಮುಂದೆ ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದ. ನಾಯಕನಹಟ್ಟಿ ಕಡೆ ಬಾಡಿಗೆ ಹೊಡೆಯುವ ಹುಡುಗ. ಥ್ಯಾಂಕ್ಸ್ ಹೇಳಲು ಬಂದಿದ್ದಾನೆ ಅಂದುಕೊಂಡೆ ನಾನು. ‘ಪ್ರೇಮಾ, ಎರಡು ಕಾಫಿ!’ ಎಂದು ಕೂಗಿದೆ.

‘ಕಾಪಿ ಬ್ಯಾಡ ಮೇಷ್ಟ್ರೇ’ ಎಂದ. ‘ನಮ್ಮವ್ವ ಬಾಯಿಗೆ ಅನ್ನ ಹಾಕಿ ಇವತ್ತಿಗೆ ಆರು ದಿನ.’

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವನೇ ಹೇಳಿದ. ಅವನ ಮಗಳು ತೇಜಶ್ರೀ ಏಳನೇ ಕ್ಲಾಸು. ಪುಸ್ತಕದಲ್ಲಿ ಅತ್ತೆಯ ಫೋಟೋ ಕಂಡು ಕುಣಿದಾಡಿಕೊಂಡು ಅಜ್ಜಿಗೆ ಓದಿ ಹೇಳಿದ್ದಾಳೆ. ದಿವಂಗತ ಎಂದರೇನು ಎಂದು ಅಜ್ಜಿ ಕೇಳಿದ್ದಾಳೆ. ಮಗು ಹೇಳಿದೆ. ಇನ್ನೊಂದು ಸಲ ಓದು ಎಂದಿದ್ದಾಳೆ, ಮತ್ತೊಂದು ಸಲ ಓದು ಎಂದಿದ್ದಾಳೆ. ಮೂರನೇ ಸಲಕ್ಕೆ ಎದ್ದು ಒಲೆಗೆ ನೀರು ಹಾಕಿ, ಕಂಬಳಿ ಹಾಸಿಕೊಂಡು ಮಲಗಿದವಳು ಎದ್ದಿಲ್ಲ.

‘ಅಕ್ಕ ಸತ್ತಿಲ್ಲ ಮೇಷ್ಟ್ರೇ!’ ಎಂದ ಓಬಳೇಶ್.  ‘ಅಪ್ಪ ಸಿಟ್ಟಿಗೆ ಮಾಡಿದ ತಿಥಿ ಅದು. ಆರು ವರ್ಸದ ಹಿಂದೆ ಬಳ್ಳಾರಿ ಟೇಸನ್ನಾಗೆ ನಾನೇ ಕಣ್ಣಾರ ಕಂಡೀನಿ. ರೈಲ್ವೆ ಡ್ರೆಸ್ಸಾಗಿದ್ಲು. ಅಪ್ಪನ ಹೆದ್ರಿಕೆಗೆ ಮಾತಾಡ್ಸಲಿಲ್ಲ.’

‘ಅದನ್ನೇ ಅವ್ವಂಗೆ ಹೇಳೋ ಮಾರಾಯ!’

‘ಹೇಳ್ದೆ. ಸಮಾಧಾನಕ್ಕೆ ಹೇಳ್ತೀಯ ಅಂತಾಳೆ. ಪುಸ್ತಕದಾಗೆ ಬಂದೈತೆ ಅಂತಾಳೆ. ಡಾಕ್ಟ್ರು ಬಂದು ಗ್ಲೂಕೋಸ್ ಹಾಕಿದ್ರೆ ಸೂಜಿ ಕಿತ್ತು ಒಗೆದ್ಲು. ನೀವು ಬರ್ದೋರು. ನೀವೇ ಬಂದು ಹೇಳ್ರಿ.’

ನಾನು ಕುರ್ಚಿಯ ಮೇಲೆ ಕುಸಿದೆ.  ಪ್ರೇಮಲತಾ ಕಾಫಿ ಲೋಟ ಅಲ್ಲೇ ಇಟ್ಟು, ‘ಊರ ಮಕ್ಕಳ ಕಾಗುಣಿತ ತಿದ್ದಿದ್ದು ಸಾಕು. ಏಳ್ರಿ, ಹೋಗಿ ನಿಮ್ಮ ತಪ್ಪು ತಿದ್ರಿ’ ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಹಟ್ಟಿಗೆ ಹೋದಾಗ ಪಾಪಕ್ಕ ನಡುಕಂಬದ ಹತ್ತಿರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಟಿ ಒಡೆದು ಕರಿಕಟ್ಟಿತ್ತು. ಎರಡು ಕಣ್ಣಿಗೂ ಪೊರೆ ಬಂದು, ಎದುರಿಗಿರುವುದು ಮನುಷ್ಯನೋ ಕಂಬವೋ ಎಂಬಷ್ಟೇ ಕಾಣುತ್ತಿದ್ದುದು. ನೀರು ಮಾತ್ರ ಕುಡಿಯುತ್ತಾಳಂತೆ, ಅದೂ ಮೊಮ್ಮಗಳು ಅತ್ತರೆ. ನಾನು ಅವಳ ಪಕ್ಕ ನೆಲದ ಮೇಲೆ ಕೂತು, ‘ತಾಯಿ, ನಾನು ಪುಸ್ತಕ ಬರೆದ ಮೇಷ್ಟ್ರು. ತಪ್ಪು ಬರೆದಿದ್ದೀನಿ. ನಿನ್ನ ಮಗಳು ಬದುಕಿದ್ದಾಳೆ’ ಎಂದೆ.

ಅವಳು ನಿಧಾನಕ್ಕೆ ಹೊರಳಿದಳು. ‘ಅವತ್ತು ಬಂದು ಅತ್ರಲ್ಲ ಸ್ವಾಮಿ’ ಎಂದಳು. ‘ಬದುಕಿರೋಳಿಗೆ ಯಾರಾದ್ರೂ ಅಳ್ತಾರಾ? ಇವ್ನು ಕರ್ಕಂಬಂದ. ನನ್ನ ಉಣ್ಸಕ್ಕೆ ಸುಳ್ಳು ಹೇಳು ಅಂದಿರ್ತಾನೆ. ಹೇಳಿದ್ರಿ. ಹೋಗ್ಬರ್ರಿ.’

‘ಇಲ್ಲ ಕಣವ್ವ, ದೇವರಾಣೆ! ನಿನ್ನ ಗಂಡ ತಿಥಿ ಮಾಡಿದ್ದು ಸಿಟ್ಟಿಗೆ…’

‘ನಾನೂ ಹಂಗೇ ತಿಳ್ಕಂಡಿದ್ದೆ’ ಎಂದಳು. ‘ಹನ್ನೆರಡು ವರ್ಸ ಹಂಗೇ ತಿಳ್ಕಂಡಿದ್ದೆ. ರಾಯದುರ್ಗದ ಬಳೆಗಾರ ಪಾತಣ್ಣ ವರ್ಸಕ್ಕೊಂದ್ ಸಲ ಬಂದು, ನಿನ್ ಮಗಳು ಕಳ್ಸ್ಯಾಳೆ ಅಂತ ಒಂದು ಡಜನ್ ಬಳೆ ಇಡ್ತಿದ್ದ. ಎರಡು ವರ್ಸದಿಂದ ಅವ್ನೂ ಇಲ್ಲ, ಬಳೇನೂ ಇಲ್ಲ. ಈಗ ತಿಳೀತು. ಪಾಪ, ಮುದುಕಿ ಮರುಗ್ತಾಳೆ ಅಂತ ತನ್ನ ಗಂಟಿನಾಗಿನ ಬಳೇನೇ ಕೊಟ್ಟಾನೆ ಪುಣ್ಯಾತ್ಮ.’

ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

‘ಪುಸ್ತಕದಾಗಿರೋ ದಿನ, ನನ್ ಗಂಡ ತಲೆ ಬೋಳಿಸ್ಕಂಡ ದಿನ, ಎರಡೂ ಒಂದೇ. ಹೆಂಗೆ ಒಂದೇ ಆತು? ಆವತ್ತೇ ಸುದ್ದಿ ಬಂದಿತ್ತು. ಹೆತ್ತೋಳು ತಡ್ಕಳಲ್ಲ ಅಂತ, ಜಾತಿ ಕೆಟ್ಲು, ಅದಕ್ಕೆ ತಿಥಿ ಅಂತ ಸಿಟ್ಟಿನ ನಾಟಕ ಆಡಿ ನನ್ನಿಂದ ಮುಚ್ಚಿಟ್ಟಾನೆ. ಅವ್ನ ಬಾಯಿ ಕೆಟ್ಟದ್ದು, ಒಳಗೆ ಕರುಳೈತೆ.’

ಅಯ್ಯೋ ದೇವರೇ ಎಂದು ನಾನು ಹಣೆ ಬಡಿದುಕೊಂಡೆ. ಕಾಮಣ್ಣ ಹೇಳಿದ್ದರಿಂದ ನಾನು ಬರೆದೆ. ನಾನು ಬರೆದದ್ದರಿಂದ ಕಾಮಣ್ಣನ ಮಾತು ಅವಳಿಗೆ ನಿಜವಾಯಿತು. ಇದನ್ನು ಬಿಡಿಸಿ ಹೇಳಲು ಎಷ್ಟು ಒದ್ದಾಡಿದೆನೋ ನನಗೇ ಗೊತ್ತು. ಕೊನೆಗೆ, ‘ತಿದ್ದುಪಡಿ ಅಚ್ಚು ಹಾಕಿಸ್ತೀನಿ ತಾಯಿ, ಎಲ್ಲ ಪುಸ್ತಕಕ್ಕೂ ಅಂಟಿಸ್ತೀನಿ’ ಎಂದೆ.

‘ಕಾಗದದಾಗೆ ಕೊಂದು ಕಾಗದದಾಗೆ ಬದುಕಿಸ್ತೀರಾ ಸ್ವಾಮಿ?’ ಎಂದು ಕೇಳಿ ಅವಳು ಮತ್ತೆ ಗೋಡೆಗೆ ತಿರುಗಿಕೊಂಡಳು.

ಕಾಮಣ್ಣ ಹಿಂದಿನ ರೊಪ್ಪದಲ್ಲಿ ಕುರಿ ಎಣಿಸುತ್ತಿದ್ದ. ಓಡಿಹೋಗಿ ಅವನ ಮುಂದೆ ನಿಂತೆ. ‘ಯಜಮಾನ್ರೇ, ನಿಮ್ಮ ಒಂದು ಮಾತು ಸಾಕು. ಯಾವ ಸುದ್ದಿನೂ ಬಂದಿರಲಿಲ್ಲ, ಸಿಟ್ಟಿಗೆ ಮಾಡ್ದೆ, ಮಗಳು ಬದುಕಿದ್ದಾಳೆ ಅಂತ ಆಯಮ್ಮಂಗೆ ಹೇಳಿ. ನಿಮ್ಮ ಮಾತು ಬಿಟ್ಟು ಬೇರೆ ಯಾರದ್ದೂ ನಂಬಲ್ಲ.’

ಅವನು ಎಣಿಕೆ ನಿಲ್ಲಿಸಲಿಲ್ಲ. ‘ನನಗೆ ಮಗಳಿಲ್ಲ’ ಎಂದ.

‘ಹೆಂಡ್ತಿ ಸಾಯ್ತಾಳೆ ರೀ!’

‘ಗೊತ್ತೈತೆ.’ ಈಗ ಎಣಿಕೆ ನಿಲ್ಲಿಸಿದ.  ‘ಆರು ದಿನದಿಂದ ನಾನೂ ಮುದ್ದೆ ಮುರ್ದಿಲ್ಲ, ಅದು ಯಾರಿಗೆ ಗೊತ್ತೈತೆ? ಕೇಳ್ರಿ ಮೇಷ್ಟ್ರೇ. ನಮ್ ದೇವ್ರು ಜುಂಜಪ್ಪನ ಮುಂದೆ ನಿಂತು ಎಳ್ಳುನೀರು ಬಿಟ್ಟೀನಿ. ಆಮೇಲೆ ಇದೇ ಬಾಯಾಗೆ ಮೂರು ಮನೆ ಮಕ್ಕಳನ್ನ ಹಟ್ಟಿಯಿಂದ ಆಚೆ ಹಾಕ್ಸೀನಿ. ನನ್ನ ಮಗಳನ್ನೇ ಬಿಟ್ಟೀನಿ, ನಿಮ್ಮದೇನು ಅಂತ ಹೇಳಿ ಹಾಕ್ಸೀನಿ. ಈಗ ನಾಲಿಗೆ ಹೊರಳಿಸಿದ್ರೆ ಆ ಮೂರು ಮನೆಯೋರು ನನ್ನ ಮುಖಕ್ಕೆ ಉಗೀಬೇಕು. ಉಗೀಲಿ ಅಂತೀರಾ?’

‘ಉಗೀಲಿ!’ ಎಂದು ಕಿರುಚಿದೆ. ‘ಉಗಿಸ್ಕಳ್ಳಿ! ಒರೆಸ್ಕಂಡ್ರೆ ಹೋಗುತ್ತೆ!’

ಅವನು ರೊಪ್ಪದ ಪಡಿ ಬಾಗಿಲು ಎಳೆದು ಹೊರಟುಹೋದ. ಅಲ್ಲಿಗೆ ಒಂದು ನಿಶ್ಚಯವಾಯಿತು. ಮಾಲತಿಯನ್ನೇ ಕರೆತಂದು ತಾಯಿಯ ಮುಂದೆ ನಿಲ್ಲಿಸಬೇಕು, ಅದೂ ಆ ಜೀವ ಹೋಗುವುದರೊಳಗೆ.

ಎಲ್ಲಿ ಹುಡುಕುವುದು? ನನ್ನ ಹತ್ತಿರ ಇದ್ದದ್ದು ಹೆಸರಾಂತರ ಫೋನ್ ನಂಬರು. ಹಟ್ಟಿಯ ಹೊರಗಿನ ಜಾಲಿಮರದಡಿ ಕೂತು ಒಬ್ಬೊಬ್ಬರಿಗೆ ಮಾಡಿದೆ. ಒಬ್ಬರು ತಮ್ಮ ಫೋಟೋ ಕಪ್ಪಗೆ ಬಂದಿದೆ ಎಂದು ಹತ್ತು ನಿಮಿಷ ಗೋಳಾಡಿದರು. ಇನ್ನೊಬ್ಬರು ತಮ್ಮ ಪ್ರಶಸ್ತಿಗಳಲ್ಲಿ ಎರಡು ಬಿಟ್ಟುಹೋಗಿವೆ ಎಂದು ಹೇಳಿ ಪಟ್ಟಿ ಓದತೊಡಗಿದರು. ‘ಸ್ವಾಮಿ, ಒಂದು ಜೀವ ಹೋಗ್ತಾ ಇದೆ’ ಎಂದರೆ, ‘ಹೌದಾ, ಪಾಪ. ಎರಡನೇ ಮುದ್ರಣದಲ್ಲಾದ್ರೂ ಸೇರ್ಸಿ’ ಎಂದರು. ಇಂಥವರ ಹೆಸರು ಉಳಿಯಲಿ ಎಂದು ನಾನು ವರ್ಷವಿಡೀ ಬಿಸಿಲಲ್ಲಿ ಸ್ಕೂಟರ್ ಓಡಿಸಿದ್ದೆ. ಥೂ ನನ್ನ ಜನ್ಮಕ್ಕೆ. ರೈಲ್ವೆಯ ಕೊಂಡ್ಲಹಳ್ಳಿ ಸಾಹೇಬರಂತೂ ಫೋನೇ ಎತ್ತಲಿಲ್ಲ.

ಆಗ ನೆನಪಾದವನು ಮಾರುತೇಶ್. ನಮ್ಮ ಸ್ಕೂಲಿನಲ್ಲೇ ಪಿ.ಟಿ. ಮೇಷ್ಟ್ರಾಗಿದ್ದವನು, ಮಾಲತಿಗೆ ಮೊದಲ ಸಲ ಶೂ ಕೊಡಿಸಿದವನು. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವನೇನು ಸಾಧನೆ ಮಾಡಿದ್ದಾನೆ ಎಂದು ನಾನೇ ಬಿಟ್ಟಿದ್ದೆ. ವಿಷಯ ಕೇಳಿದ್ದೇ ಅವನು ಗುಡುಗಿದ. ‘ಲೇ ವಿಶ್ವ, ಬರೆಯೋ ಮುಂಚೆ ನನಗೊಂದು ಫೋನ್ ಮಾಡಕ್ಕೆ ನಿನಗೇನ್ ಧಾಡಿ ಆಗಿತ್ತಲೇ? ಪ್ರತಿ ಯುಗಾದಿಗೆ ನನಗೆ ಫೋನ್ ಮಾಡ್ತಾಳೆ ಆ ಹುಡುಗಿ! ಗುಂತಕಲ್ಲಾಗೆ ಟಿಕೆಟ್ ಕಲೆಕ್ಟ್ರು. ಎರಡು ಮಕ್ಕಳದಾವೆ. ನಂಬರ್ ತಗಾ.’

ಮಾಲತಿ ಫೋನ್ ಎತ್ತಿದಾಗ ಹಿಂದೆ ರೈಲಿನ ಸದ್ದಿತ್ತು, ಯಾರಿಗೋ ತೆಲುಗಿನಲ್ಲಿ ಏನೋ ಹೇಳುತ್ತಿದ್ದಳು. ನಾನು ತೊದಲುತ್ತ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, ‘ಅಪ್ಪ ತಿಥಿ ಮಾಡಿದ್ದು ನಿಜ ತಾನೆ ಸಾರ್? ಹಂಗಾದ್ರೆ ನೀವು ಬರ್ದಿದ್ದು ಸರಿಯಾಗೇ ಐತೆ. ಬಿಡ್ರಿ’ ಎಂದಳು.

‘ನಿಮ್ಮವ್ವ ಮಲಗಿ ಇವತ್ತಿಗೆ ಆರು ದಿನ ಆಯ್ತಮ್ಮ. ಅನ್ನ ಮುಟ್ಟಿಲ್ಲ.’

ಆ ಕಡೆ ರೈಲು ಹೋಯಿತು.  ಆಮೇಲೆ, ‘ಫೋನು ಅವ್ವನ ಕಿವಿಗೆ ಹಿಡೀರಿ’ ಎಂದಳು, ಚಿಕ್ಕ ಮಗುವಿನ ದನಿಯಲ್ಲಿ.

ಒಳಗೆ ಓಡಿದೆವು. ಓಬಳೇಶ್ ಹಿಡಿದ. ‘ಅವ್ವಾ, ನಾನವ್ವಾ, ಮಾಲಿ’ ಎಂಬುದು ನನಗೂ ಕೇಳಿಸಿತು. ಪಾಪಕ್ಕ ಪೂರ್ತಿ ಕೇಳಿದಳು. ‘ಫೋನಾಗೆ ಯಾರ್ ಬೇಕಾದ್ರೂ ಅವ್ವ ಅಂತಾರೆ’ ಎಂದು ಫೋನನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು.

ಮಾರನೇ ದಿನ ಹನ್ನೊಂದರ ಬಳ್ಳಾರಿ ಬಸ್ಸಿಗೆ ಮಾಲತಿ ತಳಕಿನಲ್ಲಿ ಇಳಿದಳು. ನನಗೆ ಗುರುತೇ ಸಿಗಲಿಲ್ಲ. ಮೈಕೈ ತುಂಬಿಕೊಂಡ ಹೆಂಗಸು, ಕನ್ನಡಕ, ಕೈಯಲ್ಲಿ ಊಟದ ಬ್ಯಾಗು. ಓಬಳೇಶ್ ‘ಅಕ್ಕಾ’ ಎಂದು ಹೋದವನು ಬ್ಯಾಗು ಇಸಿದುಕೊಂಡ. ಗಾಡಿಯಲ್ಲಿ ಕೂತ ಮೇಲೆ ಅವಳು ಕೇಳಿದ್ದು ಒಂದೇ. ‘ಉಸಿರೈತಾ?’ ‘ಐತೆ’ ಎಂದ. ಕಾವಲಿನ ಉದ್ದಕ್ಕೂ ಸರ್ಕಾರದವರು ಎಬ್ಬಿಸಿರುವ ಗೋಡೆಯ ಪಕ್ಕದಲ್ಲಿ ಗಾಡಿ ಓಡಿತು.  ನಾನು ಒಳಗೊಳಗೇ, ತಾಯಿ ಒಂದು ಗಂಟೆ ತಡ್ಕ, ಒಂದೇ ಗಂಟೆ ತಡ್ಕ ಎಂದು ಜಪ ಮಾಡುತ್ತಿದ್ದೆ.

ಹಟ್ಟಿಯ ಬೇಲಿಯ ಬಾಯಲ್ಲಿ ಕಾಮಣ್ಣ ಕೋಲು ಅಡ್ಡ ಹಿಡಿದು ನಿಂತಿದ್ದ. ಹಿಂದೆ ಹಟ್ಟಿಯ ಜನ.

‘ಒಳಕ್ಕೆ ಬರಂಗಿಲ್ಲ’ ಎಂದ, ಗಾಳಿಗೆ ಹೇಳಿದ ಹಾಗೆ.

‘ನಾನು ಬರಲ್ಲ’ ಎಂದಳು ಮಾಲತಿ. ‘ಅವ್ವನ್ನ ಆಚೆ ಕರ್ಕಂಬರ್ಲಿ.’

ಓಬಳೇಶ್ ಒಳಗೆ ಹೋಗಿ ತಾಯಿಯನ್ನು ಕಂಬಳಿ ಸಮೇತ ಎತ್ತಿಕೊಂಡು ಬಂದ. ಕಾಮಣ್ಣ ಅವನನ್ನು ತಡೆಯಲಿಲ್ಲ, ಮುಖ ತಿರುಗಿಸಿ ನಿಂತ. ಜಾಲಿಮರದ ನೆರಳಲ್ಲಿ ಪಾಪಕ್ಕನನ್ನು ಮಲಗಿಸಿದರು. ಮಾಲತಿ ಮಂಡಿಯೂರಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುದುಕಿಯ ಕೈ ಮೇಲೆ ಬಂತು. ಕೆನ್ನೆ ಸವರಿತು, ಕನ್ನಡಕ ಮುಟ್ಟಿತು, ತುಂಬಿದ ತೋಳು ಹಿಡಿದು ನೋಡಿತು.

‘ಯಾರವ್ವಾ ನೀನು?’ ಎಂದಳು ಪಾಪಕ್ಕ. ‘ಯಾವೂರು?’

‘ಅವ್ವಾ! ನಾನು ಕಣವ್ವಾ!’

‘ನನ್ ಮಗಳು ಕಡ್ಡಿ ಇದ್ದಂಗಿದ್ಲು ಕಣವ್ವ. ನಿನ್ನ ಮಾತಾಗೆ ತೆಲುಗು ಐತೆ. ಪಾಪ, ನನಗೋಸ್ಕರ ಎಷ್ಟು ದೂರದಿಂದ ಕರ್ಸ್ಯಾರೋ ನಿನ್ನ. ನಿನ್ ಹೊಟ್ಟೆ ತಣ್ಣಗಿರ್ಲಿ.’

ಮಾಲತಿ ಏನೇನು ಹೇಳಲಿಲ್ಲ! ಕುರಿಮರಿ ಕಳೆದ ಕತೆ ಹೇಳಿದಳು. ಮೊದಲ ಸಲ ಓಟಕ್ಕೆ ಹೋಗುವಾಗ ತಾಯಿ ಕದ್ದು ಕೊಟ್ಟ ರೊಟ್ಟಿ ಗಂಟಿನ ಮಾತು ಹೇಳಿದಳು. ಹೆರಿಗೆಯಲ್ಲಿ ಸತ್ತ ಚಿಕ್ಕಮ್ಮ ಪಾಲಮ್ಮನ ಹೆಸರು ಹೇಳಿದಳು. ಪ್ರತಿ ಸಲವೂ ಮುದುಕಿ ತಲೆ ಸವರಿ, ‘ಓಬಳೇಶ ಚೆನ್ನಾಗಿ ಹೇಳ್ಕೊಟ್ಟಾನೆ’ ಎನ್ನುವಳು. ಹೇಳಲು ಏನೂ ಉಳಿಯದೆ ಮಾಲತಿ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು. ಬ್ಯಾಗಿನಿಂದ ಗಂಜಿ ತೆಗೆದು ಚಮಚದಲ್ಲಿ ತುಟಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ಗಂಜಿ ಗದ್ದದ ಮೇಲೆ ಇಳಿಯಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಓಡಿಹೋಗಲೂ ಆಗಲಿಲ್ಲ.

ಆಗ ಮಾಲತಿ ತಲೆ ಎತ್ತಿದಳು. ‘ಅಪ್ಪಾ’ ಎಂದಳು.

 ಕಾಮಣ್ಣನ ಬೆನ್ನು ನಮ್ಮ ಕಡೆಗಿತ್ತು.

‘ಅಪ್ಪಾ, ನನ್ನ ಸೇರಿಸ್ಕಬ್ಯಾಡ. ನಿನ್ನ ಬಾಗಿಲು ನನಗೆ ಬ್ಯಾಡ. ನಾನು ಯಾರು ಅಂತ ಅವ್ವಂಗೆ ಒಂದ್ ಮಾತು ಹೇಳು. ಹೇಳಿ, ನಾಳೆ ಬೇಕಾದ್ರೆ ಇನ್ನೊಂದ್ ಸಲ ನನ್ ತಿಥಿ ಮಾಡು. ನಾನೇ ದುಡ್ಡು ಕಳಿಸ್ತೀನಿ.’

ನಾನು ಹೋಗಿ ಕಾಮಣ್ಣನ ಕಾಲಿಗೆ ಬಿದ್ದೆ. ಅರವತ್ತೆಂಟು ವರ್ಷಕ್ಕೆ ಅಪ್ಪ ಅಮ್ಮನ ಕಾಲು ಬಿಟ್ಟರೆ ಬೇರೆ ಯಾರ ಕಾಲೂ ಮುಟ್ಟದವನು ಬಿದ್ದೆ. ಅವನು ಹಟ್ಟಿಯ ಜನರ ಕಡೆ ನೋಡಿದ. ಅವರಲ್ಲಿ ಒಬ್ಬಳು, ಬಹುಶಃ ಮಗನನ್ನು ಆಚೆ ಹಾಕಿಸಿಕೊಂಡ ತಾಯಿಯೇ ಇರಬೇಕು, ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನೇ ದಿಟ್ಟಿಸುತ್ತಿದ್ದಳು. ಅವನು ಕೋಲು ಕೆಳಗಿಟ್ಟ. ಬಂದು ಹೆಂಡತಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತ.

‘ಉಣ್ಣೇ’ ಎಂದ. ‘ಅವಳೇ ಕಣೇ. ನಮ್ ಮಾಲಿ.’

ಪಾಪಕ್ಕನ ಕೈ ಗಾಳಿಯಲ್ಲೇ ನಿಂತಿತು. ‘ಸುದ್ದಿ ಬಂದಿತ್ತಲ್ಲ?’

‘ಯಾವ ಸುದ್ದಿನೂ ಬಂದಿರ್ಲಿಲ್ಲ. ಬದುಕೈತೆ ಅಂತ ನಂಗೊತ್ತಿತ್ತು. ಸಿಟ್ಟಿಗೆ ಮಾಡ್ದೆ. ಮಾನಕ್ಕೆ ಮಾಡ್ದೆ. ಉಣ್ಣು.’

ಅವಳ ಗಂಟಲಿಂದ ಹೊರಟ ಸದ್ದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಎಳೆದುಕೊಂಡಳು. ಮಾಲೀ, ಮಾಲೀ, ಮಾಲೀ ಎಂದಷ್ಟೇ. ಹಟ್ಟಿಯ ಹೆಂಗಸರೆಲ್ಲ ಬಿಕ್ಕಿ ಅತ್ತರು. ಓಬಳೇಶ್ ಮರಕ್ಕೆ ಹಣೆ ಒತ್ತಿ ನಿಂತ. ಸ್ವಲ್ಪ ಹೊತ್ತಿಗೆ ಪಾಪಕ್ಕನೇ ಬಾಯಿ ತೆರೆದಳು. ಒಂದು ಚಮಚ, ಎರಡು ಚಮಚ. ಮೂರನೆಯದು ಕೆಮ್ಮಿಗೆ ಹೊರಗೆ ಬಂತು, ನಾಲ್ಕನೆಯದು ಇಳಿಯಿತು. ನಾನು ಆಕಾಶ ನೋಡಿ ಕೈಮುಗಿದೆ. ಗೆದ್ದೆವು ಅಂದುಕೊಂಡೆ.

ಕಾಮಣ್ಣ ಎದ್ದು, ‘ಒಳಕ್ಕೆ ನಡಿ. ಬಿಸ್ಲು ಬಂತು’ ಎಂದ. ಯಾರಿಗೆ ಹೇಳಿದ ಎಂಬುದು ತಿಳಿಯಲಿಲ್ಲ, ಇಬ್ಬರಿಗೂ ಇರಬಹುದು.

ಪಾಪಕ್ಕ ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು.

‘ಮಾರ್ನಮಿ ಅಮಾಸೆಗೆ ಸತ್ತ ಹಿರಿಯರಿಗೆ ಎಡೆ ಇಡುವಾಗ, ಮಗಳಿಗೂ ಒಂದು ಎಲೆ ಹಾಕು ಅಂತ ನೀನೇ ಹೇಳ್ತಿದ್ದೆ’ ಎಂದಳು. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ‘ಅವಳಿಗೇನು ಇಷ್ಟವೋ ಅದನ್ನೇ ಮಾಡು ಅಂತಿದ್ದೆ. ನಾನು ಹೋಳಿಗೆ ತಟ್ಟಿ ಇಡ್ತಿದ್ದೆ. ನೀನು ಕಾಗೆ ಕರೀತಿದ್ದೆ. ಹನ್ನೆರಡು ವರ್ಸ. ಬದುಕೈತೆ ಅಂತ ನಿಂಗೊತ್ತಿತ್ತು. ಬದುಕಿರೋ ಕೂಸಿಗೆ ಹೆತ್ತ ಕೈಯಾಗೆ ಎಡೆ ಇಡಿಸ್ದೆ.’

ಕಾಮಣ್ಣ ಕೆಳಗಿಟ್ಟ ಕೋಲಿಗೆ ತಡಕಿದ. 

‘ಸತ್ತೋಳಿಗೇ ಇಡಿಸಿದ್ದೆ ಅಂತ ತಿಳ್ಕಂಡು, ಈ ಏಳು ದಿನ ಕರುಳೈತೆ ಅಂದ್ಕಂಡಿದ್ದೆ ನಿನಗೆ’ ಎಂದಳು. ಆಮೇಲೆ ಮಗನ ಕಡೆ ಕೈ ಚಾಚಿದಳು. ‘ಎತ್ತಪ್ಪಾ ಓಬಳೇಶಾ. ಗಾಡಿಗೆ ಹಾಕು. ನಾನು ಮಾಲಿ ಜೊತೆ ಹೋಗ್ತೀನಿ.’

ಯಾರೂ ಬೇಡ ಎನ್ನಲಿಲ್ಲ. ಓಬಳೇಶ್ ಗಾಡಿಯ ಹಿಂದೆ ಕಂಬಳಿ ಹಾಸಿ ಮಲಗಿಸಿದ. ಮಾಲತಿ ಹತ್ತಿ ಅವಳ ತಲೆಯನ್ನು ಮತ್ತೆ ತೊಡೆಗೆ ತೆಗೆದುಕೊಂಡಳು. ಗಾಡಿ ಶುರುವಾಗುವ ಹೊತ್ತಿಗೆ ಕಾಮಣ್ಣ ಹತ್ತಿರ ಬಂದು ಪಕ್ಕದ ಸರಳು ಹಿಡಿದುಕೊಂಡ. ‘ಲೇ’ ಎಂದ. ‘ನಾನೇನು ಮಾಡ್ಲೇ?’

‘ಈ ವರ್ಸದಿಂದ ಆ ಎಲೆ ನಂಗೆ ಹಾಕು’ ಎಂದಳು ಪಾಪಕ್ಕ.

ಓಬಳೇಶ್ ಗಾಡಿ ಬಿಟ್ಟ. ಕಾಮಣ್ಣ ಸರಳು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಓಡಿದ, ಆಮೇಲೆ ಕೈ ಬಿಟ್ಟಿತು. ಅವನು ದಾರಿಯ ನಡುವೆ ಕೂತುಬಿಟ್ಟ. ಅವನನ್ನು ಎಬ್ಬಿಸಲು ಹಟ್ಟಿಯಿಂದ ಒಬ್ಬರೂ ಬರಲಿಲ್ಲ.